‘ಕುದಿಯುವ ಚಂದ್ರ’ ಮತ್ತು ಹಿಂದಿನ ಖೋಲಿ

ಸುಕನ್ಯಾ ಹಂಪೇಶನನ್ನು ಮೊದಲು ಕಂಡದ್ದು ಗುಡೇಕೋಟೆಯ ತವರುಮನೆಯ ಪಡಸಾಲೆಯಲ್ಲಿ, ಅವನು ಹೆಣ್ಣು ನೋಡಲು ಬಂದಾಗ. ಗೋಡೆಗೆ ತಾಗದಂತೆ ನೆಟ್ಟಗೆ ಕುಳಿತಿದ್ದ. ಮುಂದೆ ಒಗ್ಗರಣೆ ಮಂಡಕ್ಕಿ, ಅದರ ಮೇಲೊಂದು ಮಿರ್ಚಿ. ತಿಂದದ್ದು ಕಡಿಮೆ, ಎರಡು ಬೆರಳಲ್ಲಿ ತಟ್ಟೆಯ ಅಂಚು ಬಡಿದದ್ದೇ ಹೆಚ್ಚು. “ಹುಡುಗ ಭಾಳ ನಾಚಿಕಿ ಸ್ವಭಾವದಾಂವ,” ಎಂದು ಅವಳ ಅಪ್ಪ ತೀರ್ಪು ಕೊಟ್ಟರು. (ತೀರ್ಪು ಕೊಟ್ಟವರು ಸಂಸಾರ ಮಾಡಬೇಕಿಲ್ಲವಲ್ಲ!)

ಮದುವೆಯಾಗಿ ಕೂಡ್ಲಿಗಿಗೆ ಬಂದ ಮೇಲೆ ತಿಳಿಯಿತು, ಅದು ನಾಚಿಕೆಯಲ್ಲ, ಡ್ರಮ್ಸ್ ಅಭ್ಯಾಸ. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಹಂಪೇಶ, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ‘ನೀಲಿ ಬಂಡೆ’ ಎಂಬ ಸೈಕೆಡೆಲಿಕ್ ಹಾರ್ಡ್ ರಾಕ್ ಬ್ಯಾಂಡಿನ ಸಂಸ್ಥಾಪಕ ಮಹಾಶಯನಾಗಿದ್ದ. ಹಿಂದಿನ ಖೋಲಿಯಲ್ಲಿ ಬ್ಯಾಂಡು. ಅಲ್ಲಿಂದ ಗಡೀಪಾರಾದ ಸುಕನ್ಯಾಳ ಹೊಲಿಗೆ ಮಷೀನು ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಗಿರಾಕಿಗಳ ರವಿಕೆಗೆಲ್ಲ ಒಗ್ಗರಣೆಯ ಘಮ.

“ಸೈಕೆಡೆಲಿಕ್ ಅಂದ್ರ ಏನ್ರಿ?”

“ಕೇಳಿದವ್ರ ತೆಲಿ ಗಿರ್ರ್ ಅನ್ನಬೇಕು ಲೇ.”

“ಅದಕ್ಕ ಬ್ಯಾಂಡ್ ಯಾಕ? ಉಪಾಸ ಕೆಡವಿ ಬಿಸಿಲಾಗ ನಿಲ್ಲಿಸ್ರಿ, ಗಿರ್ರ್ ಅಂತೈತಿ.”

ಅವರು ಹೊರತಂದ ಮೊದಲ ಬಿಡಿ ಹಾಡು, ಅವರ ಭಾಷೆಯಲ್ಲಿ ‘ಸಿಂಗಲ್’, ಕೇಳಿದವರು ಮೂವರು, ಮೂವರೂ ಬ್ಯಾಂಡಿನವರೇ. ಎರಡನೆಯದು ‘ಕುದಿಯುವ ಚಂದ್ರ’. ಸುಕನ್ಯಾ ಕರಾರು ಹಾಕಿದಳು: “ಇದನ್ನ ಯಾರಾರ ತಾವಾಗಿ ಮನಿಗೆ ಬಂದು ಬೇಕು ಅಂದ್ರ ಖೋಲಿ ನಿಮ್ದು. ಸುಗ್ಗಿತನಕ ಯಾರೂ ಬರಲಿಲ್ಲಂದ್ರ ನನ್ನ ಮಷೀನಿಂದು.” ಕಲಾವಿದನಿಗೆ ಆತ್ಮವಿಶ್ವಾಸಕ್ಕೇನು ಬರ? ಹಂಪೇಶ ಒಪ್ಪಿದ.

ಧ್ವನಿಮುದ್ರಣದ ದಿನ ಗೋಡೆ ನಡುಗಿತು, ಸೂಜಿ ದಾರಿ ತಪ್ಪಿತು, ಮದುಮಗಳ ರೇಷ್ಮೆ ರವಿಕೆಯ ತೋಳು ಬೆನ್ನಿಗೆ ಸೇರಿ ಹೊಲಿದುಹೋಯಿತು. ಸುಕನ್ಯಾ ತಾಟು, ಸೌಟು ಹಿಡಿದು ಖೋಲಿಗೆ ನುಗ್ಗಿದಳು. ತವರಿನ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಹಕ್ಕಿ ಕಾದು ಬೆಳೆದ ಗಂಟಲು ಅದು.

“ಹೋ ಹೋ ಹೋ! ಏಳ್ರಿ ಮ್ಯಾಲಕ್ಕ! ನಿಮ್ಮ ಚಂದ್ರನ್ನ ಕುದಿಸಿ ಸಾರು ಮಾಡ್ತೀನಿ!” ತಾಟು ಢಣಢಣ.

ಹಂಪೇಶ ಮೈಕು ಆರಿಸಲಿಲ್ಲ. “ಭಾವ ಐತಿ,” ಎಂದು ಅದನ್ನು ಹಾಡಿನ ನಡುವೆ ಹಾಗೆಯೇ ಉಳಿಸಿ, ಮೊಬೈಲಿನಲ್ಲಿ ಊರಿಗೆಲ್ಲ ಹಂಚಿದ. ಬೇಕೆಂದು ಒಬ್ಬರೂ ಮನೆಗೆ ಬರಲಿಲ್ಲ. ಸುಕನ್ಯಾ ಖೋಲಿಯ ಕಿಟಕಿಗೆ ಹೊಸ ಪರದೆ ಹೊಲಿಯತೊಡಗಿದಳು.

ಜೋಳದ ತೆನೆ ಹಾಲುಗಾಳು ಕಟ್ಟಿ ಹಕ್ಕಿಗಳು ಮುತ್ತತೊಡಗಿದಾಗ, ಊರಾಚೆಯ ರೈತ ಪಾಲಾಕ್ಷ ಬಾಗಿಲಲ್ಲಿ ನಿಂತ. ಕೈಯಲ್ಲಿ ಬ್ಯಾಟರಿ ಸ್ಪೀಕರು. ಕೂಗು ತುಂಬಿಸಿ ಹೊಲದಲ್ಲಿ ನಿಲ್ಲಿಸಿದರೆ ದಿನವಿಡೀ ಹಕ್ಕಿ ಓಡಿಸುವಂಥದ್ದು.

“ಹಂಪೇಶಣ್ಣ, ಆ ಚಂದ್ರನ ಹಾಡು ಇದರಾಗ ಹಾಕಿಕೊಡ್ರಿ.”

ಹಂಪೇಶನ ಎದೆ ಉಬ್ಬಿತು. “ಗಿಟಾರು ಹೆಂಗೈತಿ?”

“ಗಿಟಾರಿಗೆ ಗಿಣಿಗಳು ಕುಂತು ಆರಾಮ ತಿಂತಾವ್ರಿ. ನಡಕ ಅಕ್ಕಾರು ಬೈತಾರಲ್ಲ, ಅಷ್ಟ ಕತ್ತರಿಸಿ ಕೊಡ್ರಿ. ನಿನ್ನೆ ಮೊಬೈಲಿನ್ಯಾಗ ಹಚ್ಚಿದ್ದೆ. ಬಾಜು ಹೊಲದ ಹಕ್ಕಿನೂ ಎದ್ದು ಹೋದ್ವು!”

“ಅದು ಹಾಡಲ್ಲ!” ಸುಕನ್ಯಾ ಚೀರಿದಳು. “ಅದು ನಾನು ಬೈದದ್ದು!”

ಅಂಗಳದ ಬೇವಿನ ಮರದಿಂದ ಗುಬ್ಬಿಗಳು ಭರ್ರೆಂದು ಎದ್ದವು.

“ನೋಡ್ರಿ, ಇದ!” ಎಂದ ಪಾಲಾಕ್ಷ, ಭಕ್ತಿಯಿಂದ.

“ತಾವಾಗಿ ಬಂದು ಕೇಳ್ಯಾರ,” ಎಂದ ಹಂಪೇಶ, ಅದಕ್ಕಿಂತ ಭಕ್ತಿಯಿಂದ.

ಖೋಲಿ ಬ್ಯಾಂಡಿನ ಪಾಲಾಯಿತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯಿಂದಲೂ ಸ್ಪೀಕರು ಹಿಡಿದು ಜನ ಬರತೊಡಗಿದರು. ಗಿಣಿಗಳಿಗೆ ಹಳೆಯ ಬೈಗುಳ ರೂಢಿಯಾಗಿಬಿಡುತ್ತದಂತೆ. ಆಗಾಗ ಹೊಸದು ಬೇಕಂತೆ. (ಗಂಡಂದಿರ ಹಾಗೆಯೇ.) ಸುಕನ್ಯಾ ಈಗ ಭಾನುವಾರ ಮಷೀನು ಮುಟ್ಟುವುದಿಲ್ಲ, ಅಂದು ಅವಳು ‘ನೀಲಿ ಬಂಡೆ’ಯ ಮುಖ್ಯ ಗಾಯಕಿ.