ಕೊಸರಿಗೆ ಸಿಕ್ಕ ಚಿರತೆ

ನಮ್ಮೂರ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಡಂ ಅವರೂ, ಅಲ್ಲಿನ ಗ್ರಾಹಕರ ಕ್ಲಬ್ಬನ್ನು ಹುಟ್ಟುಹಾಕಿದವರೂ, ಅಂಗಡಿಯವರ ನಿದ್ದೆ ಕೆಡಿಸಿದವರೂ ಆದ ಶ್ರೀಮತಿ ದ್ರಾಕ್ಷಾಯಣಿ ಅವರ ಸನ್ನಿಧಾನಕ್ಕೆ ಹಲಸುಗೋಡಿನ ಕರಿಯಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸೊಂಟ ಹಿಡಿದುಕೊಂಡಿರುವುದರಿಂದ ಎಂಟರಲ್ಲಿ ನಾಲ್ಕು ಅಂಗ ಮಾತ್ರ ಈಗ ಸಲ್ಲಿಸಿದ್ದೇನೆ, ಉಳಿದ ನಾಲ್ಕು ಕಾಫಿ ಕುಯ್ಲು ಮುಗಿದ ಮೇಲೆ.

ಮಾನ್ಯರೇ,

ಮೊದಲಿಗೆ ನಾನು ಯಾರೆಂಬುದು ತಮಗೆ ತಿಳಿದಿರಲಿ. ಮಾರನಹಳ್ಳಿಯಿಂದ ಬಾಳ್ಳುಪೇಟೆಯವರೆಗೆ, ಹುಟ್ಟಿದಾರಭ್ಯ ಒಬ್ಬ ವ್ಯಾಪಾರಿಯ ಕೈಲೂ ಒಂದು ಪೈಸೆ ಮೋಸ ಹೋಗದ ಏಕೈಕ ಗಂಡಸು ನಾನು. ನಾನು ಸಕಲೇಶಪುರದಲ್ಲಿ ಬಸ್ಸಿಳಿದರೆ ಕಾಫಿ ವ್ಯಾಪಾರಿಗಳ ತಕ್ಕಡಿಗಳು ತಾವಾಗಿಯೇ ಸಮನಾಗಿ ನಿಲ್ಲುತ್ತವೆಂದೂ, ನನ್ನ ಕೆಮ್ಮು ಕೇಳಿದರೆ ಬಟ್ಟೆ ಅಂಗಡಿಯವನ ಮೀಟರ್ ಕೋಲು ಒಂದು ಗೇಣು ಉದ್ದವಾಗುತ್ತದೆಂದೂ ಜನ ಮಾತಾಡಿಕೊಳ್ಳುತ್ತಾರೆ. ಯಾವ ಜನ ಎಂದು ತಾವು ಕೇಳಬಾರದು. ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಎಂಟಕ್ಕೆ ಹೋಗಲಿಲ್ಲ, ಏಕೆಂದರೆ ನನಗೆ ಹೇಳಿಕೊಡಲು ಮೇಷ್ಟ್ರ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

ಇಂಥ ನನ್ನ ಮನೆಯೊಳಗೇ ತಾವು ಒಬ್ಬ ಇನ್ಸ್‌ಪೆಕ್ಟರನ್ನು ತಂದು ಕೂರಿಸಿದ್ದೀರಿ. ನನ್ನ ತಮ್ಮನ ಮಗಳು ಚೈತ್ರಶ್ರೀ, ತಮ್ಮ ಒಂಬತ್ತನೇ ಕ್ಲಾಸಿನ ವಿದ್ಯಾರ್ಥಿನಿ, ತಾವು ಗ್ರಾಹಕರ ಆರು ಹಕ್ಕುಗಳನ್ನು ಬಾಯಿಪಾಠ ಮಾಡಿಸಿದ ದಿನದಿಂದ ಮನುಷ್ಯರ ಜೊತೆ ಮಾತಾಡುವುದನ್ನೇ ಬಿಟ್ಟು ರಸೀದಿಗಳ ಜೊತೆ ಮಾತಾಡುತ್ತಿದ್ದಾಳೆ. ಬಾಳ್ಳುಪೇಟೆಯ ಬೇಕರಿಯಲ್ಲಿ "ಡಬ್ಬ ತೆಗೆದು ತೂಗಣ್ಣ, ನಾವು ತಿನ್ನೋದು ಮೈಸೂರುಪಾಕು, ರಟ್ಟಲ್ಲ" ಎಂದು ಇವಳು ಅಂದಾಗ ಹಿಂದೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆದರೆ ಮನೆಗೆ ಬಂದವಳು ಉಪ್ಪಿನಕಾಯಿ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ತಯಾರಾದ ದಿನಾಂಕ ಎಲ್ಲಿ ದೊಡ್ಡಮ್ಮ ಎಂದು ನನ್ನ ಹೆಂಡತಿ ಸುಮಿತ್ರಮ್ಮನನ್ನು ಕೇಳಿದಳು. "ನಿಮ್ಮಪ್ಪನ ಮದ್ವೆ ವರ್ಷ ಹಾಕಿದ್ದು ಕಣೇ, ಸುಮ್ನೆ ತಿನ್ನು" ಎಂದು ಉತ್ತರ ಬಂತು. ಮಾಹಿತಿ ಪಡೆಯುವ ಹಕ್ಕು ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ತಮ್ಮ ಕ್ಲಬ್ಬು ನಮ್ಮೂರಿನ ಕೊಸರನ್ನು ಕೊಂದದ್ದನ್ನು ಮಾತ್ರ ಸಹಿಸಲಾರೆ. ಪುಟ್ಟಸ್ವಾಮಿಯ ಅಂಗಡಿಯಲ್ಲಿ ತೂಕ ಮುಗಿದ ಮೇಲೆ ಅವನು ಒಂದು ಹಿಡಿ ಮೇಲೆ ಹಾಕಿ "ತಗಳ್ಳಿ ಕರಿಯಪ್ಪಣ್ಣ, ಇದು ನಿಮಗೇಂತ" ಅನ್ನುತ್ತಿದ್ದ. ತಮ್ಮ ಕ್ಲಬ್ಬಿನ ಹೆಣ್ಣುಮಕ್ಕಳು ದಂಡು ಕಟ್ಟಿಕೊಂಡು ಹೋಗಿ, ತಕ್ಕಡಿಗೆ ಇಲಾಖೆಯ ಮುದ್ರೆ ಎಲ್ಲಿ ಎಂದು ಕೇಳಿದರು. ಅವನು ಹೆದರಿ ಕರೆಂಟಿನ ತಕ್ಕಡಿ ತಂದುಬಿಟ್ಟ. ಈಗ ಅವನಲ್ಲಿ ಅರ್ಧ ಕೆಜಿ ಎಂದರೆ ಬರೀ ಅರ್ಧ ಕೆಜಿ! ಕೊಸರೆಲ್ಲೋ ಅಂದರೆ "ಬಿಲ್ಲಲ್ಲಿ ಕೊಸರು ಅನ್ನೋ ಕಲಮ್ಮೇ ಇಲ್ಲ ಕಣ್ರೀ" ಅನ್ನುತ್ತಾನೆ. ಹಳೇ ತಕ್ಕಡಿ ಪ್ರತಿ ಸಲ ಒಂದು ಮುಷ್ಟಿ ನುಂಗಿ ಅರ್ಧ ಮುಷ್ಟಿ ಕೊಸರು ಕೊಡುತ್ತಿತ್ತು ಎಂದು ಚೈತ್ರಶ್ರೀ ಲೆಕ್ಕ ಮಾಡಿ ತೋರಿಸಿದಳು. ನುಂಗಲಿ ಬಿಡಿ ಮೇಡಂ, ನುಂಗಿದ್ದು ಕಾಣುತ್ತಿರಲಿಲ್ಲ, ಕೊಟ್ಟದ್ದು ಕಾಣುತ್ತಿತ್ತು. ನನ್ನಂಥವನ ಮರ್ಯಾದೆ ನಿಂತಿದ್ದುದೇ ಆ ಅರ್ಧ ಮುಷ್ಟಿಯ ಮೇಲೆ.

ಹೀಗೆ ಕೊಸರಿಲ್ಲದೆ ಬಡವಾಗಿದ್ದ ಹೊತ್ತಿನಲ್ಲೇ ನಾನು ಆ ವ್ಯಾನಿನವನ ಕಣ್ಣಿಗೆ ಬಿದ್ದದ್ದು. ಬಾಳ್ಳುಪೇಟೆಯ ಹೈವೇ ಪಕ್ಕದಲ್ಲಿ ನಿಂತು ಕೋತಿ ಓಡಿಸುವ ಮಿಷನ್ನು ಮಾರುತ್ತಿದ್ದ. ಮೈಕಿನ ಕೊಂಬಿನ ಹಾಗಿದ್ದು, ಹಸಿರು ಬಣ್ಣ ಬಳಿದು, ನೆತ್ತಿಯ ಮೇಲೆ ಸೋಲಾರ್ ತಗಡು ಕೂರಿಸಿತ್ತು. ಬಿಸಿಲು ಬಿದ್ದರೆ ಹುಲಿಯ ಹಾಗೆ ಘರ್ಜಿಸುತ್ತದಂತೆ, ಕೋತಿಗಳು ಶಿರಾಡಿ ಘಾಟಿ ಇಳಿದು ಹೋಗುತ್ತವಂತೆ. ಬೆಲೆ ಇಳಿಸು ಎಂದು ನಾನು ಜಗ್ಗುತ್ತಿರುವಾಗ ಆ ಪುಣ್ಯಾತ್ಮ ನನ್ನ ಮುಖ ನೋಡಿ, "ಬಿಲ್ ಬೇಕಾ, ಕೊಸರು ಬೇಕಾ ಯಜಮಾನ್ರೇ? ಬಿಲ್ ತಗಂಡ್ರೆ ಹುಲಿ ಮಾತ್ರ. ಬಿಲ್ ಬ್ಯಾಡ ಅಂದ್ರೆ ಮೇಲೊಂದು ಚಿರತೆ ಹಾಕ್ಕೊಡ್ತೀನಿ" ಅಂದ. ಮೇಡಂ, ತಮ್ಮ ಪಾಠದಲ್ಲಿ ಆಯ್ಕೆಯ ಹಕ್ಕು ಎಂದು ಒಂದಿದೆಯಲ್ಲ, ಅದನ್ನು ನಾನು ಅಲ್ಲೇ ಚಲಾಯಿಸಿದೆ. ಚಿರತೆಯನ್ನು ಆಯ್ದುಕೊಂಡೆ.

ಮಿಷನ್ನನ್ನು ತೋಟದ ಸಿಲ್ವರ್ ಮರಕ್ಕೆ ಕಟ್ಟಿದೆ. ಮೊದಲ ದಿನ ಹುಲಿ ಘರ್ಜಿಸಿದ್ದು ನಿಜ, ಕೋತಿಗಳು ಓಡಿದ್ದೂ ನಿಜ. ಆ ಸಂಜೆ ಊರವರನ್ನೆಲ್ಲ ಕರೆದು, ಒಂಬೈನೂರಕ್ಕೆ ಹೊಡೆದುಕೊಂಡು ಬಂದೆ ಎಂದು ಸಾರಿದೆ. ಸುಮಿತ್ರಮ್ಮನಿಗೂ ಅದನ್ನೇ ಹೇಳಿದೆ, ಏಕೆಂದರೆ ದುಡ್ಡು ಅವಳದು, ಗ್ರೈಂಡರಿಗೆಂದು ಮೆಣಸು ಮಾರಿ ಕೂಡಿಟ್ಟದ್ದು. ಉಳಿದದ್ದು ಸೊಸೈಟಿಯಲ್ಲಿ ಭದ್ರವಾಗಿ ಐತೆ ಅಂದಿದ್ದೆ. ಮಾರನೇ ದಿನ ಹುಲಿಗೆ ಗಂಟಲು ಕಟ್ಟಿತು. ಚಿರತೆ ಬಾಯಿ ತೆಗೆಯಿತು, ಆ ದನಿಗೆ ನಮ್ಮ ಮನೆಯ ಗಂಡುಬೆಕ್ಕು ಹೋಗಿ ಮರದ ಕೆಳಗೆ ಕಾದು ಕೂತಿತು. ಆಮೇಲೆ ಎರಡೂ ಮೃಗಗಳು ಸುಮ್ಮನಾಗಿ, ಮಿಷನ್ನಿನ ಹೊಟ್ಟೆಯೊಳಗಿಂದ ಒಬ್ಬ ಗಂಡಸು ಕೂಗತೊಡಗಿದ: "ಬನ್ನಿ ಅಮ್ಮಾ ಬನ್ನಿ, ಅಕ್ಕಾ ಬನ್ನಿ, ತಾಜಾ ಬಾಳೆಹಣ್ಣು, ಸಿಹಿ ಸಿಹಿ ಬಾಳೆಹಣ್ಣು!" ಅದು ಯಾವುದೋ ಹಣ್ಣಿನ ಗಾಡಿಯವನ ಹಳೇ ಮೈಕು, ಒಳಗಿದ್ದ ಅವನ ಕೂಗನ್ನು ಪೂರ್ತಿ ಅಳಿಸಿರಲಿಲ್ಲ.

ಕೋತಿಗಳು ಬಂದವು. ಸಂಸಾರ ಸಮೇತ, ಮರಿಗಳನ್ನು ಹೊಟ್ಟೆಗೆ ಕಟ್ಟಿಕೊಂಡು, ಮಾರನಹಳ್ಳಿ ಕಡೆಯ ನೆಂಟರನ್ನೂ ಕರೆದುಕೊಂಡು ಬಂದು ಸಿಲ್ವರ್ ಮರದ ಕೆಳಗೆ ಸಾಲಾಗಿ ಕೂತವು. ದಿನವೆಲ್ಲ ಕೂಗಿದರೂ ಬಾಳೆಹಣ್ಣು ಬರಲಿಲ್ಲ. ಆಗ ಅವು ಮಾಡಿದ್ದನ್ನು ತಾವು ಯಾವ ಪುಸ್ತಕದಿಂದ ಕಲಿಸಿದಿರೋ ಕಾಣೆ, ಸುಳ್ಳು ಜಾಹೀರಾತಿಗೆ ಪರಿಹಾರ ವಸೂಲಿ ಮಾಡುವಂತೆ ನನ್ನ ಹಿತ್ತಿಲಿಗೆ ಬಂದು ಎರಡು ಗೊನೆ, ಒಂದು ಕುಕ್ಕೆ ಕಿತ್ತಳೆ, ತಂತಿಯ ಮೇಲಿದ್ದ ನನ್ನ ಪಟ್ಟಾಪಟ್ಟಿ ಚಡ್ಡಿ ಇಷ್ಟನ್ನು ತೆಗೆದುಕೊಂಡು ಹೋದವು. ಅವುಗಳಲ್ಲಿ ದೊಡ್ಡ ಗಡವಕ್ಕೆ ತಮ್ಮ ಕ್ಲಬ್ಬಿನ ಅಧ್ಯಕ್ಷಗಿರಿ ಕೊಡಬೇಕೆಂದು ಈ ಮೂಲಕ ಶಿಫಾರಸು ಮಾಡುತ್ತೇನೆ. ದೂರು ಕೊಟ್ಟ ದಿನವೇ ಪರಿಹಾರ ಪಡೆದ ಗ್ರಾಹಕ ಈ ಜಿಲ್ಲೆಯಲ್ಲಿ ಅದೊಂದೇ.

ಇನ್ನು ಅಸಲು ಸಂಕಟ. ಆ ಕೂಗಿನ ಕೊನೆಯಲ್ಲಿ, ಮದುವೆ ನಾಮಕರಣಗಳಿಗೆ ಹಣ್ಣು ಬೇಕಾದರೆ ಫೋನ್ ಮಾಡಿ ಎಂದು ಒಂದು ನಂಬರ್ ಬರುತ್ತದೆ. ಚೈತ್ರಶ್ರೀ ಮರದ ಕೆಳಗೆ ಕೋತಿಗಳ ಪಕ್ಕದಲ್ಲೇ ಕೂತು ಅದನ್ನು ಬರೆದುಕೊಂಡಳು. ಹಣ್ಣಿನವನು ತನ್ನ ಹಳೇ ಮೈಕು ಕೊಂಡವನ ಗುರುತು ಹೇಳಿದ, ವ್ಯಾನಿನ ಆಸಾಮಿ ಪತ್ತೆಯಾದ. ಈಗ ತಮ್ಮ ಕ್ಲಬ್ಬಿನ ಮೊಟ್ಟಮೊದಲ ದೂರು ನನ್ನ ಹೆಸರಲ್ಲಿ ಹಾಸನದ ಗ್ರಾಹಕರ ಆಯೋಗಕ್ಕೆ ಹೋಗಲು ಸಿದ್ಧವಾಗಿದೆ, ಕೊಟ್ಟ ಬೆಲೆ ಎಂಬ ಒಂದು ಜಾಗ ಮಾತ್ರ ಖಾಲಿ ಇದೆ. ಒಂಬೈನೂರು ಅಂತ ಬರಿಯವ್ವ ಎಂದೆ. ಆ ಹುಡುಗಿ ಪೆನ್ನು ಎತ್ತಿಕೊಂಡೇ, "ಒಂಬೈನೂರು ಅಂತ ಬರದ್ರೆ ಒಂಬೈನೂರೇ ವಾಪಸ್ ಬರದು ದೊಡ್ಡಪ್ಪ. ಬರೀಲಾ?" ಎಂದು ಕೇಳಿದಳು. ಅಷ್ಟರಲ್ಲಿ ಸುಮಿತ್ರಮ್ಮ ಒಳಗಿಂದ, ಬರೋ ಭಾನುವಾರ ಗ್ರೈಂಡರ್ ತರಾಕೆ ಹೋಗನ ಎಂದು ಕೂಗಿ ಹೇಳಿದಳು.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಆರು ಹಕ್ಕುಗಳ ಜೊತೆಗೆ ಕೊಸರಿನ ಹಕ್ಕು ಎಂಬ ಏಳನೆಯದನ್ನು ಪಾಠಕ್ಕೆ ಸೇರಿಸಬೇಕು, ಬೆಲೆಯ ಜಾಗದಲ್ಲಿ "ಸಾಕಷ್ಟು" ಎಂದು ಬರೆದರೂ ಪೂರ್ತಿ ಹಣ ವಾಪಸ್ ಬರುವಂತೆ ಕಾನೂನು ತಿದ್ದಿಸಬೇಕು, ಇವೆರಡೂ ಆಗುವವರೆಗೆ ಭಾನುವಾರವನ್ನು ಮುಂದಕ್ಕೆ ಹಾಕಿಸಬೇಕು.

ಇವುಗಳಲ್ಲಿ ಒಂದೂ ತಮ್ಮ ಕೈಲಾಗದೆಂದು ಬಲ್ಲ,
ತಮ್ಮ ವಿಶ್ವಾಸಿ,
ಕರಿಯಪ್ಪ, ಹಲಸುಗೋಡು
(ಮೋಸ ಹೋಗದವನು)

ತಾ.ಕ.: ಆ ವ್ಯಾನಿನ ಮುಂದೆ ನನ್ನ ಹಿಂದೆಯೇ ನಿಂತು "ನಂಗೂ ಬಿಲ್ ಬ್ಯಾಡ, ಚಿರತೆನೇ ಹಾಕು ಮಾರಾಯ" ಅಂದವರು ತಮ್ಮ ಯಜಮಾನರು. ತಮ್ಮ ತೋಟದ ಕಡೆಯಿಂದ ಈಚೆಗೆ ಹಲಸಿನ ಹಣ್ಣಿನ ಕೂಗು ಕೇಳಿಬರುತ್ತಿದೆ ಎಂದು ಸುದ್ದಿ. ಬೆಲೆ ಎಷ್ಟೆಂದು ಅವರು ತಮಗೆ ಏನು ಹೇಳಿದ್ದಾರೋ ನನಗೆ ಗೊತ್ತಿಲ್ಲ, ಆದರೆ ವ್ಯಾನಿನವನು ಇಬ್ಬರಿಗೂ ಒಂದೇ ರೇಟು ಹಾಕಿದ. ಆ ಖಾಲಿ ಜಾಗ ತುಂಬಿಕೊಳ್ಳಿ: ಆರು ಸಾವಿರದ ಐನೂರು. ಇದನ್ನು ಸುಮಿತ್ರಮ್ಮನಿಗೆ ತಾವೇ, ಶಾಲೆಯಲ್ಲೇ, ಕ್ಲಬ್ಬಿನ ಹೆಣ್ಣುಮಕ್ಕಳೆಲ್ಲ ಸುತ್ತ ನಿಂತಿರುವಾಗ ಓದಿ ಹೇಳತಕ್ಕದ್ದು, ಏಕೆಂದರೆ ತಮ್ಮ ಪಾಠದ ಮೊದಲನೇ ಹಕ್ಕು ಸುರಕ್ಷತೆಯದು, ನಮ್ಮ ಅಡುಗೆಮನೆಯಲ್ಲಿ ಸೌಟು ಕೈಗೆಟುಕುವಲ್ಲೇ ತೂಗುಹಾಕಿದೆ.

ಕೊಸರಿನ ಚಿರತೆಗೆ ಮುನ್ನೂರು ಬೇರೆ ಕೊಟ್ಟಿದ್ದೇನೆ. ಅದನ್ನೂ ಸೇರಿಸಿಕೊಳ್ಳಲು ಚೈತ್ರಶ್ರೀಗೆ ಹೇಳಿ.