ಪೀಪಾಯಿಯಲ್ಲಿ ಎಂಟು ತಿಂಗಳು

ದೇವರು ನನಗೆ ಒಳ್ಳೆಯ ಮೂಗು ಕೊಟ್ಟ. ಬಾಯಿ ಮುಚ್ಚಿಕೊಂಡಿರುವ ಬುದ್ಧಿಯನ್ನು ಮಾತ್ರ ಕೊಡಲಿಲ್ಲ.

ನಾನು ವಿಜಾಪುರದ ದಾರೂಬಂದಿ ಕಚೇರಿಯಲ್ಲಿ ಕಾರಕೂನ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಐದು ವರ್ಷವಾಗಿತ್ತು, ಪಾನನಿಷೇಧವೂ ನಮ್ಮ ಸಂಗಡವೇ ಬಂದಿತ್ತು. ಹಿಡಿದು ತಂದ ಕಳ್ಳಭಟ್ಟಿಯನ್ನು ಮೂಸಿ ಪಂಚನಾಮೆ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷ ಮೂಸಿದ್ದೇನೆ. ಒಂದು ಹನಿ ನಾಲಿಗೆಗೆ ಇಟ್ಟವನಲ್ಲ. (ಹನ್ನೊಂದು ವರ್ಷ ಮದುವೆಮನೆಗೆ ಹೋಗಿ ಊಟ ಮಾಡದೆ ಬಂದವನ ಸಂಕಟ ನಿಮಗೆ ತಿಳಿಯದು.) ಬಾಯಲ್ಲಿ ವಾಸನೆ ಬಂದರೆ ನೌಕರಿಯೇ ಹೋಯಿತು. ಅದೂ ನಾನು ಬಡ್ತಿ ಪಡೆದು ಅವ್ವಲ ಕಾರಕೂನನಾಗುವ ಕಾಗದ ಇಂದೋ ನಾಳೆಯೋ ಬರುವ ಹೊತ್ತು.

ಅಂಥ ಒಂದು ಆದಿತ್ಯವಾರ ಮುಂಜಾನೆ ನನ್ನ ಹೆಂಡತಿಯ ತಮ್ಮ ಕರೆಪ್ಪ ತಿಕೋಟಾದಿಂದ ಬಂದ. ಅವನ ಹೊಲದ ಬದುವಿಗೆಲ್ಲ ಕತ್ತಾಳೆಯ ಬೇಲಿ. ಸಮುದ್ರದಾಚೆಯ ಬೆಂಗಾಡಿನಲ್ಲಿ ಇದರ ಗಡ್ಡೆ ಸುಟ್ಟು ಭಟ್ಟಿ ಇಳಿಸುತ್ತಾರೆಂದು ಮಿಲಿಟರಿಯ ಗೆಳೆಯನೊಬ್ಬ ಹೇಳಿದ್ದೇ ತಡ, ಇವನು ಗಡ್ಡೆ ಸುಡಲು ಕುಣಿ ತೋಡಿಬಿಟ್ಟಿದ್ದ. ಚೀಲದಿಂದ ಎರಡು ಬಾಟಲಿ ತೆಗೆದ. ಒಂದು ನೀರಿನಂತೆ ಬಿಳಿ, ಇನ್ನೊಂದು ಕೆಂಪು.

"ಬಿಳೀದು ಇಳಿಸಿದ ಕೂಡ್ಲೆ ತುಂಬಿದ್ದು ಮಾಮಾ. ಕೆಂಪಂದು ಎಂಟು ತಿಂಗಳ ಕಟಗಿ ಪೀಪಾಯದಾಗ ಇಟ್ಟಿದ್ದು. ಯಾವುದು ಚಲೋ ಐತಿ ನೀವ ಹೇಳಬೇಕು ನೋಡ್ರಿ."

"ನೀನ ಕುಡದ ನೋಡಲೇ!"

ಕರೆಪ್ಪ ಕೊರಳಿನ ತುಳಸಿ ಮಾಲೆಯನ್ನು ಕಣ್ಣಿಗೊತ್ತಿಕೊಂಡ. "ಪಂಢರಪುರದ ಮಾಲಿ ಹಾಕ್ಕೊಂಡೇನ್ರಿ. ಬಾಯಿಗೆ ಹಚ್ಚಾಂಗಿಲ್ಲ."

ಭಟ್ಟಿ ಇಳಿಸುವಾಗ ಈ ಮಾಲೆ ಎಲ್ಲಿ ಹೋಗಿತ್ತೋ! ಹೆಂಡತಿ ರೇಣವ್ವ ಪಕ್ಕದ ಅಕ್ಕನಾಗಮ್ಮನ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದಳು. ನಾನು ಬಾಗಿಲಿಗೆ ಅಗಳಿ ಹಾಕಿದೆ. ಎರಡರಲ್ಲೂ ಒಂದೊಂದು ಗುಟುಕು ಬಗ್ಗಿಸಿಕೊಂಡೆ.

ಬಿಳಿಯದು ಸುಟ್ಟ ಮಣ್ಣಿನ ಹೊಗೆ, ಹಸಿಮೆಣಸಿನಕಾಯಿಯ ಚುರುಕು. ಗಂಟಲಿಗಿಳಿದದ್ದು ಕಿವಿಯಲ್ಲಿ ಹೊರಟಿತು. ಕೆಂಪಿನದೇ ಬೇರೆ ಗತ್ತು. ಮೊದಲು ಹಳೆಯ ಬೆಲ್ಲ, ಆಮೇಲೆ ಅಜ್ಜಿಯ ಕಟ್ಟಿಗೆಯ ಪೆಟ್ಟಿಗೆ, ಕೊನೆಗೆ ಎಲ್ಲಿಂದಲೋ ಜೇನು. ನ್ಯಾಯ ಹೇಳುವವನು ಎರಡೂ ಕಡೆಯವರನ್ನು ಇನ್ನೊಮ್ಮೆ ವಿಚಾರಿಸಬೇಕು. ವಿಚಾರಿಸಿದೆ.

"ಭಾಗಪ್ಪ, ಮನ್ಯಾಗ ಅದೀರೇನ್ರಿ?"

ನಮ್ಮ ಇನ್ಸ್‌ಪೆಕ್ಟರ್ ಅಮೀನಸಾಬರ ದನಿ! ಕರೆಪ್ಪ ಹಿತ್ತಲ ಬಾಗಿಲಿನಿಂದ ಓಡಿದವನು ಸೀದಾ ತಿಕೋಟಾ ಬಸ್ಸಿನಲ್ಲೇ ನಿಂತನಂತೆ. ನಾನು ಬಿಳಿಯದನ್ನು ನೀರಿನ ತಂಬಿಗೆಗೆ ಸುರಿದೆ, ಕೆಂಪು ಬಾಟಲಿಯನ್ನು ಗೂಡಿನಲ್ಲಿ ಪಂಚಾಂಗದ ಹಿಂದೆ ನಿಲ್ಲಿಸಿದೆ, ಒಂದು ಇಡೀ ಉಳ್ಳಾಗಡ್ಡಿ ಕಚಕಚ ಅಗಿದು ಬಾಗಿಲು ತೆಗೆದೆ.

"ನಿಮ್ಮ ಅವ್ವಲ ಕಾರಕೂನಕಿ ಕಾಗದ ಬಂದೈತಿ. ಕೈಯಾರೆ ಕೊಡೂಣು ಅಂತ ಬಂದೆ," ಎಂದು ಸಾಹೇಬರು ಕುಳಿತು ಕಿಸೆಯಿಂದ ಲಕೋಟೆ ತೆಗೆದರು. ಅಷ್ಟರಲ್ಲಿ ಹಿತ್ತಲಿನಿಂದ ಬಂದ ರೇಣವ್ವ, ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡಬೇಕಲ್ಲ, ಅದೇ ತಂಬಿಗೆ ಹಿಡಿದು ಬಂದಳು. ನಾನು ಕಣ್ಣು ಪಿಳುಕಿಸಿದೆ, ಕೆಮ್ಮಿದೆ.

"ಕಣ್ಣಿಗೆ ಏನ ಬಿತ್ತರಿ?" ಎಂದಳು ಪುಣ್ಯಾತ್ಗಿತ್ತಿ.

ತಂಬಿಗೆ ಸಾಹೇಬರ ಮೂಗಿನ ತನಕ ಹೋಗಿ ನಿಂತಿತು. ಅವರು ತಂಬಿಗೆ ನೋಡಿದರು, ಉಳ್ಳಾಗಡ್ಡಿ ವಾಸನೆಯ ನನ್ನನ್ನು ನೋಡಿದರು, ಎದ್ದು ಹೋಗಿ, ಹಿಂದಿನಿಂದ ಬಾಟಲಿಯ ಕೊರಳು ಇಣುಕುತ್ತಿದ್ದ ಪಂಚಾಂಗವನ್ನು ಸರಿಸಿದರು.

"ತಂಗೀ, ಇದು ಯಾರದವ್ವಾ? ಹೆಸರ ಹೇಳು."

ರೇಣವ್ವನಿಗೆ ಎಲ್ಲ ಅರ್ಥವಾಗಿತ್ತು. ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. "ಹೆಸರ ಹೇಳಬಾರದ್ರಿ ಸಾಹೇಬ್ರ."

ಮದುವೆಯಾಗಿ ಒಂಬತ್ತು ವರ್ಷ, ಅವಳು ಒಮ್ಮೆಯೂ ನನ್ನ ಹೆಸರು ಹಿಡಿದವಳಲ್ಲ. ಸಾಹೇಬರು ಒಳ್ಳೆಯ ಮನುಷ್ಯರು, ಮೀಸೆಯಲ್ಲೇ ನಕ್ಕರು. "ಹೆಸರ ಹೇಳಿಲ್ಲಂದ್ರ ಬೇವಾರಸಿ ಮಾಲು. ಬರೀರಿ ಭಾಗಪ್ಪ ಪಂಚನಾಮೆ. ಬೇಲ್ಯಾಗ ಸಿಕ್ಕಿದ್ದು, ವಾರಸುದಾರ ಇಲ್ಲ."

ಆ ಹೊತ್ತಿನಲ್ಲಿ ಹೆಂಡತಿಯ ಕಾಲಿಗೆ ಬೀಳಬೇಕೆನಿಸಿತು. ಲಕೋಟೆ ಇನ್ನೂ ಸಾಹೇಬರ ಕೈಯಲ್ಲೇ ಇತ್ತು. ಬೆವರು ಒರೆಸಿಕೊಂಡು ಬರೆಯತೊಡಗಿದೆ.

"ಎರಡೂ ಒಂದ ನಮೂನಿ ಹಲ್ಕಾ ದಾರೂ," ಸಾಹೇಬರು ಹೇಳುತ್ತ ಹೋದರು, "ಕೆಂಪಂದು ಚಹಾದ ನೀರ ಕೂಡಿಸಿ ಬಣ್ಣಾ ಮಾಡಿದ್ದು."

ನನ್ನ ಪೆನ್ನು ನಿಂತಿತು. ಹನ್ನೊಂದು ವರ್ಷದಲ್ಲಿ ಒಂದೂ ಸುಳ್ಳು ಪಂಚನಾಮೆ ಬರೆದವನಲ್ಲ ನಾನು. (ಬೇಲಿಯ ಮಾತು ಬೇರೆ.) ಹೊಟ್ಟೆಯಲ್ಲಿದ್ದದ್ದೂ ಸುಮ್ಮನಿರಗೊಡಲಿಲ್ಲ.

"ಚಹಾದ ನೀರ? ಸಾಹೇಬ್ರ, ಎಂಟು ತಿಂಗಳ ಪೀಪಾಯದಾಗ ಮಾಗೇತ್ರಿ ಅದು! ಮೊದಲ ಬೆಲ್ಲ, ಆಮ್ಯಾಲೆ ಕಟಗಿ, ಕಡೀಕ ಜೇನು... ಆ ಹಸೀದಕ್ಕೂ ಇದಕ್ಕೂ ಎಲ್ಲೀದೆಲ್ಲಿ!"

"ಕಡೀಕ ಜೇನು," ಎಂದರು ಸಾಹೇಬರು ಮೆಲ್ಲಗೆ. ಲಕೋಟೆಯನ್ನು ಮಡಚಿ ಮತ್ತೆ ಕಿಸೆಯಲ್ಲಿಟ್ಟುಕೊಂಡರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. "ಇನ್ನ ಬೇವಾರಸಿ ಅಂತ ಹೆಂಗ ಬರೀಲಿ? ವಾರಸುದಾರನ ಹೆಸರ ಹೇಳ್ರಿ."

ರೇಣವ್ವ ನನ್ನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು, ಸೆರಗು ಸೊಂಟಕ್ಕೆ ಸಿಗಿಸಿದಳು. ಅಕ್ಕನಾಗಮ್ಮನ ಮನೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ಬರಕೊಳ್ರಿ ಸಾಹೇಬ್ರ. ಭಾಗಪ್ಪ! ನಮ್ಮ ಮಾವನ ಹೆಸರೂ ಬೇಕೇನ್ರಿ?"