ನಿಂತಿರುವ ಮರಳು

ಕಂಬದಪುರದ ಕುಡಿಯುವ ನೀರು ಮೂರು ಅಡಿ ಮರಳಿನ ಮೂಲಕವೇ ಇಳಿದು ಬರತಕ್ಕದ್ದು ಎಂದು 1957ರಲ್ಲಿ ಅಲ್ಲಿನ ಪುರಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಮೂರು ತಿಂಗಳಿಗೊಮ್ಮೆ ಮರಳನ್ನು ಹೊರತೆಗೆದು ತೊಳೆಯತಕ್ಕದ್ದು ಎಂದೂ ಬರೆಯಿತು. ಮತ್ತೆ ಒಳಗೆ ಹಾಕತಕ್ಕದ್ದು ಎಂದು ಬರೆಯುವ ಮೊದಲೇ ಊಟದ ಹೊತ್ತಾಯಿತು.

ಯಲಹಂಕದಿಂದ ಅಬ್ಬಿಗೆರೆ ಕಡೆಗೆ ಹೋಗುವಾಗ ಸಿಗುವ ಸಣ್ಣ ಪೇಟೆ ಅದು. ಕೆರೆ ನೀರು ಏರಿಯ ಪಕ್ಕದ ಮರಳು ತೊಟ್ಟಿಗೆ ಬಂದು, ಸೋಸಿಕೊಂಡು, ಬೀದಿ ನಲ್ಲಿಗೆ ಹೋಗುತ್ತಿತ್ತು. ಮೊದಲ ಸಲ ಮರಳು ಎಂಟು ಗಾಡಿಗಳಲ್ಲಿ ತೊಳೆಯಲು ಹೊರಟಿತು. ಅದೇ ವಾರ ಪುರಸಭೆ ಅಧ್ಯಕ್ಷ ಮುನಿಶಾಮಪ್ಪನವರ ಹೊಸ ಮನೆಯ ಗೋಡೆ ಏಳಲು ಶುರುವಾಯಿತು. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಬಾಯಿ ಬಿಡಲಿಲ್ಲ. ಗೊತ್ತಿದ್ದದ್ದು ಗಾಡಿಯ ಎತ್ತುಗಳಿಗೆ.

ಮರಳಿಲ್ಲದ ತೊಟ್ಟಿಯನ್ನು ಬಳಸಿ ಪ್ರಯೋಜನವೇನೆಂದು ನೀರನ್ನು ನೇರವಾಗಿ ನಲ್ಲಿಗೇ ತಿರುಗಿಸಲಾಯಿತು. ಅದೇ ಪೇಟೆಯ ಪಟಾಲಮ್ಮನ ಬಿಂದಿಗೆಯಲ್ಲಿ ಕೆಂಪು ಹುಳ ಕಂಡವು. ಅವಳ ಎಂಟು ತಿಂಗಳ ಮಗಳಿಗೆ ವಾರದಲ್ಲಿ ಮೂರು ದಿನ ಭೇದಿ. ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿ, "ಸೋಸಿದ ನೀರೇ ಕೊಡಮ್ಮ" ಅಂದರು. ಅವಳು ಸೀರೆ ಸೆರಗನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ಹುಳ ನಿಂತವು, ಪಾಚಿಯ ಹಸಿರು ನಿಲ್ಲಲಿಲ್ಲ.

ಮಗುವನ್ನು ಕಂಕುಳಲ್ಲಿಟ್ಟುಕೊಂಡು ನೀರು ಬಿಡುವ ವಹಾಬನ ಹತ್ತಿರ ಹೋದಳು.

"ಮರಳೆಲ್ಲಿ ವಹಾಬಣ್ಣ?"

"ತೊಳೆಯೋಕೆ ಹೋಗೈತೆ ತಾಯಿ."

"ಈ ಮಗು ಹುಟ್ಟಿದಾಗ ಹೋಗಿದ್ದು. ಇದರ ಬಟ್ಟೆ ದಿನಕ್ಕೆ ಹತ್ತು ಸಲ ನಾನೊಬ್ಳೇ ತೊಳೀತೀನಿ. ಆ ಎಂಟು ಗಾಡಿ ಇನ್ನೂ ಮುಗೀಲಿಲ್ವಾ?"

ವಹಾಬ ಅಧ್ಯಕ್ಷರ ಮಾಳಿಗೆ ಕಡೆ ಒಂದು ಸಲ ನೋಡಿ, ಬೀಡಿ ಹಚ್ಚಿದ.

ಪಟಾಲಮ್ಮ ಮೇಲಿನವರಿಗೆ ಅರ್ಜಿ ಬರೆದಳು. ತನಿಖೆಗೆ ಬಂದ ಅಧಿಕಾರಿ ತೊಟ್ಟಿಯೊಳಗೆ ಬಗ್ಗಿ ನೋಡಿದಾಗ ಅಲ್ಲಿ ಒಂದು ನಾಯಿ, ನಾಲ್ಕು ಮರಿ ಹಾಕಿಕೊಂಡು ಮಲಗಿತ್ತು.

"ಮರಳು ನಷ್ಟವಾಗಿಲ್ಲ ಸಾರ್" ಎಂದರು ಪುರಸಭೆಯ ಕಾರ್ಯದರ್ಶಿ ನರಸಿಂಹಯ್ಯ. "ಮೊದಲು ಮಲಗಿತ್ತು, ಈಗ ನಿಂತಿದೆ."

"ಎಲ್ಲಿ ನಿಂತಿದೆ?"

"ಅಧ್ಯಕ್ಷರ ಮನೆ ಇರುವ ಕಡೆ. ಗೋಡೆಯಲ್ಲಿ ಅರ್ಧ, ಮಾಳಿಗೆ ಮೇಲೆ ಅರ್ಧ."

ಮರಳು ಕಾಣೆಯಾಗಿದ್ದರೆ ಪೊಲೀಸರಿಗೆ ಬರೆಯಬೇಕು; ಜಾಗ ಬದಲಾಗಿದ್ದರೆ ನಕ್ಷೆ ತಿದ್ದಿದರೆ ಸಾಕು. ಅಧಿಕಾರಿ ಕಾಫಿ ಕುಡಿದು ನಕ್ಷೆ ತಿದ್ದಿದರು. ಮರುದಿನ ಮುನಿಶಾಮಪ್ಪನವರ ಬಾಗಿಲ ಮೇಲೆ ಬೋರ್ಡು ಬಂತು:

"ಮರಳು ತೊಟ್ಟಿ ನಂಬರ್ 2 (ನಿಂತಿರುವುದು). ಸಾರ್ವಜನಿಕ ಸ್ವತ್ತು. ಇಲ್ಲಿ ಉಗುಳಬಾರದು, ದನ ತೊಳೆಯಬಾರದು."

ಇನ್ನು ಮೇಲೆ ಸುಣ್ಣ ಬಳಿಯುವುದು ಪುರಸಭೆಯ ಕೆಲಸವೆಂದು ಅಧ್ಯಕ್ಷರಿಗೆ ಸಂತೋಷವೇ ಆಯಿತು.

ಪಟಾಲಮ್ಮ ಬೋರ್ಡನ್ನು ಎರಡು ಸಲ ಓದಿದಳು. ಆಮೇಲೆ ಬಿಂದಿಗೆ ಸಮೇತ ನರಸಿಂಹಯ್ಯನವರ ಮೇಜಿನ ಮುಂದೆ ನಿಂತಳು.

"ತೊಟ್ಟಿ ಅಂದ್ಮೇಲೆ ಅದಕ್ಕೆ ನೀರು ಬಿಡ್ಬೇಕಲ್ಲ ಸ್ವಾಮಿ?"

"ಅದು ಮನೆ ಕಣಮ್ಮ."

"ಮನೆ ಆದ್ರೆ ಮರಳು ಕಳವು. ತೊಟ್ಟಿ ಆದ್ರೆ ನೀರು. ಎರಡ್ರಲ್ಲಿ ಯಾವ್ದು ಅಂತ ಒಂದ್ ಸಾಲು ಬರ್ಕೊಟ್ಬಿಡಿ, ಹೋಗ್ತೀನಿ."

ನರಸಿಂಹಯ್ಯ ಲೇಖನಿಯ ಮುಳ್ಳನ್ನು ಮೂರು ಸಲ ಒರೆಸಿದರು. ನಾಲ್ಕನೇ ಸಲಕ್ಕೆ, ಎರಡನೇ ತೊಟ್ಟಿಗೆ ನೀರು ಬಿಡತಕ್ಕದ್ದು ಎಂದು ವಹಾಬನಿಗೆ ಹುಕುಂ ಬರೆದರು.

ವಹಾಬ ಪೈಪು ಎಳೆದು ಮಾಳಿಗೆ ಮೇಲೆ ನೀರು ನಿಲ್ಲಿಸಿದ. ಮೂರನೇ ದಿನ ನಡುಮನೆಯಲ್ಲಿ ಏಳು ಕಡೆ ತೊಟ್ಟಿಕ್ಕಲು ಶುರುವಾಯಿತು. ಬೆಳಿಗ್ಗೆ ಆರಕ್ಕೆ ಪೇಟೆಯ ಹೆಂಗಸರು ಬಿಂದಿಗೆ ಹಿಡಿದು ಸಾಲು ನಿಂತರು.

"ಕಾಲು ತೊಳ್ಕೊಂಡಾದ್ರೂ ಬನ್ರೇ, ಇದು ಮನೆ" ಎಂದರು ಅಧ್ಯಕ್ಷರ ಹೆಂಡತಿ ಗಂಗರತ್ನಮ್ಮ, ಕೊಡೆ ಹಿಡಿದು ಮುದ್ದೆ ತಿರುವುತ್ತಾ.

"ತೊಟ್ಟಿ ಕಣಕ್ಕಾ" ಎಂದಳು ಪಟಾಲಮ್ಮ. "ನೀವು ಹಿಂಗೆ ಮನೆ ಮನೆ ಅಂದ್ರೆ ನಿಮ್ ಯಜಮಾನ್ರಿಗೇ ತೊಂದ್ರೆ."

ನೀರಿಗೆ ಕೊಂಚ ಸುಣ್ಣದ ರುಚಿಯಿತ್ತು, ಹುಳವಿರಲಿಲ್ಲ. ಅವಳು ಕಾಯಿಸಿ ಆರಿಸಿಯೇ ಮಗುವಿಗೆ ಕುಡಿಸಿದಳು. ಮೂರು ದಿನದ ಭೇದಿ ಒಂದು ದಿನಕ್ಕಿಳಿಯಿತು, ಆಮೇಲೆ ನಿಂತೇ ಹೋಯಿತು.

ಇದನ್ನು ಮತ್ತೆ ಮನೆ ಮಾಡಲಾಗುವುದಿಲ್ಲವೇ ಎಂದು ಅಧ್ಯಕ್ಷರು ಒಂದು ಸಂಜೆ ಮೆಲ್ಲಗೆ ವಿಚಾರಿಸಿದರು.

"ಧಾರಾಳವಾಗಿ ಮಾಡಬಹುದು" ಎಂದರು ನರಸಿಂಹಯ್ಯ. "ಪೊಲೀಸರಿಗೆ ಒಂದು ಕಾಗದ ಬರೆಯಬೇಕಾಗುತ್ತೆ, ಅಷ್ಟೆ."

ಅಧ್ಯಕ್ಷರು ಮಂಚವನ್ನು ಒಣಗಿದ ಮೂಲೆಗೆ ಎಳೆದುಕೊಂಡರು. ಹೆಂಗಸರು ಏಳು ಗಂಟೆಯೊಳಗೆ ಮುಗಿಸಿದರೆ ತಮಗೆ ಇನ್ನೊಂದು ನಿದ್ದೆ ಆಗುತ್ತದೆ ಎಂದಷ್ಟೇ ವಿನಂತಿಸಿಕೊಂಡರು.

ಸರಿಯಾಗಿ ಮೂರು ತಿಂಗಳಿಗೆ ವಹಾಬ ಹಾರೆ, ಜರಡಿ, ಎಂಟು ಗಾಡಿಗಳೊಂದಿಗೆ ಬಾಗಿಲಿಗೆ ಬಂದ.

"ಏನಯ್ಯಾ ಇದು?" ಎಂದರು ಅಧ್ಯಕ್ಷರು.

"ಮರಳು ತೊಳೆಯೋಕೆ ಗೌಡ್ರೇ. ರೂಲ್ಸು."

"ವಾಪಸ್ ಯಾವಾಗ ತರ್ತೀಯಾ?"

ವಹಾಬ ಪಟಾಲಮ್ಮನ ಮುಖ ನೋಡಿದ. ಅವಳು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸುತ್ತಾ, "ಹೋದ್ಸಲ ತಂದಂಗೇನೆ" ಅಂದಳು.

ಮುನಿಶಾಮಪ್ಪನವರು ತಮ್ಮದೇ ರುಜುವಿದ್ದ ನಿಯಮವನ್ನು ತರಿಸಿ ಓದಿದರು. ತಪ್ಪೇನೂ ಕಾಣಲಿಲ್ಲ. ಮಂಚದ ಒಂದು ಕಡೆ ತಾವೇ ಹಿಡಿದುಕೊಂಡರು.

ಗೋಡೆ, ಮಾಳಿಗೆ ಕೆಡವಿ, ಗಾರೆ ಕುಟ್ಟಿ, ಜರಡಿ ಹಿಡಿದು, ತೊಳೆದ ಮರಳು ಕೆರೆ ಏರಿಯ ತೊಟ್ಟಿಗೆ ಬಿತ್ತು. ನಾಯಿ ಸಂಸಾರ ಸಮೇತ ಅಧ್ಯಕ್ಷರ ನಿವೇಶನಕ್ಕೆ ಹೋಯಿತು. ಅಧ್ಯಕ್ಷರು ಹಳೇ ಮನೆಗೆ ಹೋದರು. ರಿಜಿಸ್ಟರಿನಲ್ಲಿ "ನಿಂತಿರುವುದು" ಎಂಬುದನ್ನು ಹೊಡೆದು "ಮಲಗಿರುವುದು" ಎಂದು ಬರೆಯಲಾಯಿತು.

ಪಟಾಲಮ್ಮನ ಮಗಳಿಗೆ ಈಗ ಮಾತು ಬಂದಿದೆ, ಕೆನ್ನೆ ತುಂಬಿದೆ. ಹೊಸಬರು ಯಾರಾದರೂ ಮುನಿಶಾಮಪ್ಪನವರ ಹೊಸ ಮನೆ ಎಲ್ಲಿ ಎಂದು ಕೇಳಿದರೆ, ಊರಿನ ದೊಡ್ಡವರು ಹೇಳುವಂತೆಯೇ ಅವಳೂ ಹೇಳುತ್ತಾಳೆ:

"ತೊಳೆಯೋಕೆ ಹೋಗೈತೆ."